ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ, ಮನೆ ಯಾವ ಏರಿಯಾದಲ್ಲಿ ಮಾಡಲಿ?

ಕುಂದವಾಡ_ಕೆರೆ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. 11 ವರ್ಷ ಹರಿಹರದ ಒಂದು ಕಾರ್ಖಾನೆಯಲ್ಲಿ ಡಿಸೈನ್ ವಿಭಾಗದಲ್ಲಿದ್ದೆ. ಈಗ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಫೇಸ್ 1ರಲ್ಲಿ ಕೆಲಸ ಸಿಕ್ಕಿದೆ. ಮೇ ಮೊದಲ ವಾರ ಸೇರಬೇಕು. ಮನೆಯಲ್ಲಿ ನಾನು, ಹೆಂಡತಿ, ಜೂನ್‌ಗೆ 3ನೇ ಕ್ಲಾಸಿಗೆ ಹೋಗುವ ಮಗಳು, ಮತ್ತೆ ನಮ್ಮ ತಾಯಿ. ಹೆಂಡತಿ ಟೀಚರ್. ಬೆಂಗಳೂರಿಗೆ ಬಂದ ಮೇಲೆ ಅವಳೂ ಕೆಲಸ ಹುಡುಕಬೇಕು.

ಬಾಡಿಗೆಗೆ 25 ಸಾವಿರ ಇಟ್ಟುಕೊಂಡಿದ್ದೇನೆ. ಕಾರಿಲ್ಲ, ಬೈಕ್ ಇದೆ. ವಾರದಲ್ಲಿ ಐದು ದಿನವೂ ಆಫೀಸಿಗೆ ಹೋಗಬೇಕು. ಆಫೀಸಿನವರು ಹೇಳುವುದು ದೊಡ್ಡತೋಗೂರು, ನೀಲಾದ್ರಿ ರೋಡ್ ಕಡೆ ಮನೆ ಮಾಡಿ ಎಂದು. ನಮ್ಮ ಚಿಕ್ಕಪ್ಪ ಹೇಳುವುದು ಜಯನಗರ, ಬನಶಂಕರಿ ಬಿಟ್ಟು ಬೇರೆ ಕಡೆ ನೋಡಲೇ ಬೇಡ ಎಂದು. ಬ್ರೋಕರ್ ಒಬ್ಬರು ಚಂದಾಪುರದಲ್ಲಿ 14 ಸಾವಿರಕ್ಕೆ ದೊಡ್ಡ ಮನೆ ತೋರಿಸಿದರು. ಮೂರು ಜನ, ಮೂರು ದಿಕ್ಕು. ಅಲ್ಲಿ ಇದ್ದು ಗೊತ್ತಿರುವವರು ದಯವಿಟ್ಟು ಹೇಳಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಆಫೀಸಿನ ಪಕ್ಕದಲ್ಲೇ ಮಾಡಿ. ಬೇರೆ ಯೋಚನೆಯೇ ಬೇಡ. ನಾನು ಆರು ವರ್ಷ ಮಲ್ಲೇಶ್ವರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬಂದವನು. ಕಂಪನಿ ಬಸ್ಸಿನಲ್ಲಿ ಬೆಳಗ್ಗೆ ಒಂದೂಮುಕ್ಕಾಲು ಗಂಟೆ, ಸಂಜೆ ಎರಡು ಗಂಟೆ. ನನ್ನ ಮಗ ನಡೆಯಲು ಕಲಿತದ್ದನ್ನು ನಾನು ಫೋನಿನಲ್ಲಿ ನೋಡಿದೆ. ಆ ದಿನಗಳು ಮತ್ತೆ ಬರುವುದಿಲ್ಲ.

ರಾಗಿಗುಡ್ಡದಕ್ಕ
ಅಣ್ಣ, ನೀವು ಹೇಳುತ್ತಿರುವುದು ಮೆಟ್ರೊ ಬರುವ ಮುಂಚಿನ ಮಾತಲ್ವಾ? 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಗಿದೆ. ಆರ್.ವಿ. ರೋಡ್‌ನಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣ, 19 ಕಿಲೋಮೀಟರ್. ಎಲೆಕ್ಟ್ರಾನಿಕ್ ಸಿಟಿಗೆ ಅದೇ ಹೆಸರಿನ ನಿಲ್ದಾಣವೇ ಇದೆ. ಟ್ರಾಫಿಕ್ ಜಾಮಿಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ಈಗ ಕಿಟಕಿಯಿಂದ ಕೆಳಗೆ ನೋಡುವ ಜಾಗ.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಒಪ್ಪುತ್ತೇನೆ ಅಕ್ಕ. ಆದರೆ ಆ ಮಾರ್ಗ ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲಿ ಜಾತ್ರೆ.

ರಾಗಿಗುಡ್ಡದಕ್ಕ
ಅದು ಮೊದಲಿನ ಕಥೆ. ಆಮೇಲೆ ರೈಲು ಬಂದು ಸೇರಿದ ಹಾಗೆ ಅಂತರ ಕಡಿಮೆಯಾಗಿದೆ. ನಮ್ಮ ಮನೆಯವರು ದಿನಾ ಹೋಗುತ್ತಾರೆ. ಬಾಗಿಲಿನಿಂದ ಬಾಗಿಲಿಗೆ 50 ನಿಮಿಷ. ಮುಖ್ಯವಾದ ವಿಷಯ ಎಂದರೆ ಆ 50 ನಿಮಿಷ ಇವತ್ತೂ ಅಷ್ಟೇ, ಮಳೆ ಬಂದ ದಿನವೂ ಅಷ್ಟೇ.

ತೋಗೂರು_ನಿವಾಸಿ
ನಾನು ದೊಡ್ಡತೋಗೂರಿನಲ್ಲಿ ಏಳು ವರ್ಷದಿಂದ ಇದ್ದೇನೆ, ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆಫೀಸಿಗೆ ಬೈಕಿನಲ್ಲಿ ಎಂಟು ನಿಮಿಷ. ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ಹೋಗುತ್ತೇನೆ. ಎರಡು ಬೆಡ್‌ರೂಮ್ ಮನೆಗೆ 21 ಸಾವಿರ, ಮೇಂಟೆನೆನ್ಸ್ ಬೇರೆ. ಸುಖ ಇಷ್ಟು.

ಇನ್ನು ಕಷ್ಟ. ಮುಖ್ಯ ರಸ್ತೆ ಬಿಟ್ಟು ಒಳಗೆ ಬಂದರೆ ರಸ್ತೆ ಕಿರಿದು, ಫುಟ್‌ಪಾತ್ ಇಲ್ಲ. ಸಂಜೆ ಮಗುವಿನ ಕೈ ಹಿಡಿದು ನಡೆಯುವುದು ಕಷ್ಟ. ಪಾರ್ಕ್ ಎಂದರೆ ಅಪಾರ್ಟ್‌ಮೆಂಟ್ ಒಳಗಿನ ಹುಲ್ಲುಹಾಸು ಅಷ್ಟೇ. ಇನ್‌ಫೋಸಿಸ್ ಕ್ಯಾಂಪಸ್ ಇರುವ ಕೈಗಾರಿಕಾ ಪ್ರದೇಶದ ಒಳಗೆ ರಸ್ತೆ, ಮರ, ದೀಪ ಎಲ್ಲ ಚೆಂದ. ಯಾಕೆಂದರೆ ಅದನ್ನು ನೋಡಿಕೊಳ್ಳಲು ಬೇರೆಯೇ ಟೌನ್‌ಶಿಪ್ ಪ್ರಾಧಿಕಾರ ಇದೆ. ಗೇಟು ದಾಟಿ ಹಳ್ಳಿ ಕಡೆ ಬಂದ ತಕ್ಷಣ ಬೇರೆ ಊರು. ಆಫೀಸಿನವರು ನಿಮಗೆ ಒಳಗಿನ ರಸ್ತೆ ತೋರಿಸುತ್ತಾರೆ. ನೀವು ಬದುಕುವುದು ಹೊರಗಿನ ರಸ್ತೆಯಲ್ಲಿ.

ಬೆಣ್ಣೆ_ಖಾಲಿ
ದಾವಣಗೆರೆಯವರು ಬರುತ್ತಿದ್ದಾರೆ ಅಂದರೆ ನಾನು ಹೇಳಲೇಬೇಕು. ಬೆಂಗಳೂರಿನಲ್ಲಿ ಗಲ್ಲಿಗೊಂದು ದಾವಣಗೆರೆ ಬೆಣ್ಣೆದೋಸೆ ಬೋರ್ಡ್ ಇದೆ. ಮಂಡಕ್ಕಿ ಮೆಣಸಿನಕಾಯಿ ಮಾತ್ರ ಊರಿನ ಹಾಗೆ ಸಿಗುವುದಿಲ್ಲ. ಮಂಡಕ್ಕಿ ಊರಿಂದಲೇ ತಂದುಬಿಡಿ.

ಹೆಬ್ಬಗೋಡಿ_ಹಳಬ
ಚಂದಾಪುರದ 14 ಸಾವಿರದ ಮನೆ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಹೇಳುತ್ತೇನೆ. ಮನೆ ದೊಡ್ಡದೇ ಇರುತ್ತದೆ, ಗಾಳಿ ಬೆಳಕೂ ಚೆನ್ನಾಗಿರುತ್ತದೆ. ಬ್ರೋಕರ್ ಸುಳ್ಳು ಹೇಳಿಲ್ಲ. ಆದರೆ ನೀರು ಕೇಳಿ. ಚಂದಾಪುರ, ಬೊಮ್ಮಸಂದ್ರಕ್ಕೆ ಬೇರೆ ಪುರಸಭೆ, ಹೆಬ್ಬಗೋಡಿಗೆ ನಗರಸಭೆ. ನೀರೆಂದರೆ ಬೋರ್‌ವೆಲ್, ಇಲ್ಲದಿದ್ದರೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ನಮ್ಮ ಕಟ್ಟಡದ ಬೋರ್ ಬತ್ತಿ ಎರಡು ತಿಂಗಳು ಟ್ಯಾಂಕರ್ ತರಿಸಿದೆವು. ಬಾಡಿಗೆಯಲ್ಲಿ ಉಳಿಸಿದ್ದು ನೀರಿಗೆ ಹೋಯಿತು. ಟ್ಯಾಂಕರ್ ಬರುವವರೆಗೆ ಕಾಯುವುದು ಬೇರೆ.

ನೀವು ಏಪ್ರಿಲ್‌ನಲ್ಲಿ ಮನೆ ಹುಡುಕುತ್ತಿರುವುದು ಒಳ್ಳೆಯದೇ ಆಯಿತು. ನೀರಿನ ಸತ್ಯ ಗೊತ್ತಾಗುವುದು ಈಗಲೇ. ಮಾಲೀಕರನ್ನು ಕೇಳಬೇಡಿ. ಎದುರು ಮನೆಯ ಬಾಡಿಗೆದಾರರನ್ನು ಕೇಳಿ: ಕಾವೇರಿ ನೀರು ಬರುತ್ತದೆಯೇ, ವಾರಕ್ಕೆ ಎಷ್ಟು ದಿನ, ಹೋದ ತಿಂಗಳು ಎಷ್ಟು ಟ್ಯಾಂಕರ್ ಹಾಕಿಸಿದಿರಿ?

ಕೊಳಾಯಿ
ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತಲ್ಲ, ಈಗ ಆ ಕಡೆಗೂ ನೀರು ಬರಬೇಕಲ್ವಾ?

ಹೆಬ್ಬಗೋಡಿ_ಹಳಬ
ಅದು ಬಿಬಿಎಂಪಿಗೆ ಸೇರಿಸಿಕೊಂಡಿದ್ದ 110 ಹಳ್ಳಿಗಳಿಗಾಗಿ ಮಾಡಿದ್ದು. ಬೇಗೂರು ಆ ಪಟ್ಟಿಯಲ್ಲಿದೆ. ಚಂದಾಪುರ ಅದರಲ್ಲಿ ಇಲ್ಲ. ಇನ್ನೊಂದು, ಹಳ್ಳಿಯ ಹೆಸರು ಪಟ್ಟಿಯಲ್ಲಿದ್ದರೂ ನಿಮ್ಮ ಕಟ್ಟಡದ ಮಾಲೀಕರು ದುಡ್ಡು ಕಟ್ಟಿ ಸಂಪರ್ಕ ತೆಗೆದುಕೊಂಡಿರಬೇಕು. ಬೀದಿಯಲ್ಲಿ ಪೈಪ್ ಇದೆ, ಮನೆಯಲ್ಲಿ ನೀರಿಲ್ಲ ಎನ್ನುವ ಕಡೆ ಬೇಕಾದಷ್ಟಿವೆ.

ಬಿಳಿ_ಗೀಸರ್
ಬೋರ್ ನೀರಾದರೆ ಗಡಸುತನವನ್ನೂ ನೋಡಿ. ನಮ್ಮಲ್ಲಿ ನಲ್ಲಿಗೆ ಬಿಳಿ ಪೊರೆ ಕಟ್ಟುತ್ತದೆ, ಎರಡು ವರ್ಷದಲ್ಲಿ ಗೀಸರ್ ಕಾಯಿಲ್ ಎರಡು ಸಲ ಬದಲಾಯಿಸಿದ್ದೇವೆ. ಮನೆ ನೋಡಲು ಹೋದಾಗ ಬಚ್ಚಲುಮನೆಯ ನಲ್ಲಿ ನೋಡಿದರೆ ಸಾಕು, ಗೊತ್ತಾಗುತ್ತದೆ.

ಕೋಣನಕುಂಟೆ_ಕ್ರಾಸ್
ಯಾರೂ ಹಸಿರು ಮಾರ್ಗದ ತುದಿ ನೋಡುತ್ತಿಲ್ಲ. ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ. 25 ಸಾವಿರದೊಳಗೆ ಒಳ್ಳೆಯ ಮನೆ ಸಿಗುತ್ತದೆ. ನಾವು 22 ಕೊಡುತ್ತಿದ್ದೇವೆ. ಹಸಿರು ಮಾರ್ಗದಲ್ಲಿ ಆರ್.ವಿ. ರೋಡ್‌ವರೆಗೆ ಬಂದು ಹಳದಿಗೆ ಬದಲಾಯಿಸಿದರೆ ಆಯಿತು. ಇನ್ನೊಂದು ಲಾಭ: ಊರಿಗೆ ಹೋಗುವಾಗ ಅದೇ ಹಸಿರು ರೈಲಿನಲ್ಲಿ ನೇರ ಮೆಜೆಸ್ಟಿಕ್, ಇಲ್ಲವೇ ಯಶವಂತಪುರ. ಆಟೊದವರ ಜೊತೆ ಜಗಳ ಇಲ್ಲ.

ಸಿಲ್ಕ್‌ಬೋರ್ಡ್_ಸಂತ್ರಸ್ತ
ದಿನಕ್ಕೆ ನಾಲ್ಕು ರೈಲು ಹತ್ತಬೇಕು. ಟಿಕೆಟ್ ಲೆಕ್ಕವನ್ನೂ ಹೇಳಿ. 2025ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದರು. ತಿಂಗಳಿಗೆ 22 ದಿನ ಹೋಗಿ ಬಂದರೆ ಅದೇ ನಾಲ್ಕು ಸಾವಿರದ ಹತ್ತಿರ ಬರುತ್ತದೆ.

ಕೋಣನಕುಂಟೆ_ಕ್ರಾಸ್
90 ಕೊಡಬೇಕಾದರೆ 25 ಕಿಲೋಮೀಟರ್ ದಾಟಬೇಕು. ನಮಗೆ ಅಷ್ಟು ಆಗುವುದಿಲ್ಲ. ಸ್ಮಾರ್ಟ್ ಕಾರ್ಡಿಗೆ 5% ರಿಯಾಯಿತಿಯೂ ಇದೆ. ಮೂರು ಸಾವಿರ ಎಂದೇ ಇಟ್ಟುಕೊಳ್ಳಿ, ಜಯನಗರದ ಬಾಡಿಗೆಗಿಂತ ಕಡಿಮೆಯೇ ಬೀಳುತ್ತದೆ.

ಗುಲಾಬಿ_ನಿರೀಕ್ಷೆ
ಬನ್ನೇರುಘಟ್ಟ ರಸ್ತೆ ನೋಡಿ. ಗುಲಾಬಿ ಮಾರ್ಗ ಬರುತ್ತಿದೆ, ಮುಂದೆ ಬಾಡಿಗೆ ಏರುತ್ತದೆ. ಈಗಲೇ ಹಿಡಿದುಕೊಳ್ಳಿ.

ಸಿಂಗಸಂದ್ರ_2021
ದಯವಿಟ್ಟು ಈ ಸಲಹೆ ಕೇಳಬೇಡಿ. ನಾನು 2021ರಲ್ಲಿ ಹಳದಿ ಮಾರ್ಗ ಇನ್ನೇನು ಬಂತು ಎಂದು ನಂಬಿ ಸಿಂಗಸಂದ್ರದಲ್ಲಿ ಮನೆ ಮಾಡಿದೆ. ಕಿಟಕಿ ಎದುರಿಗೇ ಕಂಬ ಇತ್ತು, ರೈಲು ಮಾತ್ರ ಇರಲಿಲ್ಲ. ನಾಲ್ಕು ವರ್ಷ ಕಾದೆ. ಮಗಳ ಶಾಲೆಯನ್ನೂ ಅದೇ ನಂಬಿಕೆಯಲ್ಲಿ ದೂರ ಆರಿಸಿದ್ದೆವು. ಇವತ್ತು ಓಡುತ್ತಿರುವ ರೈಲು, ಇವತ್ತು ಬರುತ್ತಿರುವ ನೀರು, ಇವತ್ತು ಇರುವ ರಸ್ತೆ, ಇಷ್ಟನ್ನೇ ನೋಡಿ ಬಾಡಿಗೆ ಕೊಡಿ.

ಗುಲಾಬಿ_ನಿರೀಕ್ಷೆ
ಸರಿ, ಬಾಡಿಗೆಗೆ ಇರುವವರಿಗೆ ನಿಮ್ಮ ಮಾತು ಸರಿ. ನಾನು ಸೈಟ್ ಕೊಳ್ಳುವವರ ಲೆಕ್ಕದಲ್ಲಿ ಹೇಳಿದೆ.

ಕುಂದವಾಡ_ಕೆರೆ
ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಒಂದು ವಿಷಯ ಮೊದಲೇ ಹೇಳಬೇಕಿತ್ತು. ತಾಯಿಗೆ 68 ವರ್ಷ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ, ಮಂಡಿನೋವೂ ಇದೆ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದು 30 ವರ್ಷದ ಮನೆ. ಸಂಜೆ ಆದರೆ ನಾಲ್ಕು ಜನ ಜಗುಲಿ ಮೇಲೆ ಬಂದು ಕೂರುತ್ತಾರೆ. "ನೀವು ಹೋಗಿ, ನಾನು ಇಲ್ಲೇ ಇರುತ್ತೇನೆ" ಎನ್ನುತ್ತಿದ್ದಾರೆ. ಒಬ್ಬರನ್ನೇ ಬಿಟ್ಟು ಬರಲು ನನಗೆ ಮನಸ್ಸಿಲ್ಲ.

ಹಾಸನದ_ಮಗಳು
ಅಣ್ಣ, ಇದೇ ನಿಮ್ಮ ಪೋಸ್ಟಿನ ಮೊದಲ ಸಾಲಾಗಬೇಕಿತ್ತು.

ನಮ್ಮಮ್ಮನನ್ನು ನಾನು ಎಲೆಕ್ಟ್ರಾನಿಕ್ ಸಿಟಿಗೆ ಕರೆತಂದೆ. ಒಂಬತ್ತನೇ ಮಹಡಿ, ಒಳ್ಳೆಯ ಅಪಾರ್ಟ್‌ಮೆಂಟ್, ಲಿಫ್ಟ್, ಸೆಕ್ಯುರಿಟಿ, ಎಲ್ಲ ಇತ್ತು. ಬೆಳಗ್ಗೆ ಒಂಬತ್ತಕ್ಕೆ ನಾವು ಹೊರಟರೆ ಅಮ್ಮ ಒಬ್ಬರೇ. ಬಾಗಿಲು ತೆಗೆದರೆ ಎದುರಿಗೆ ಮೂರು ಮುಚ್ಚಿದ ಬಾಗಿಲು. ಕೆಳಗೆ ಹೋದರೆ ಮಾತಾಡಿಸುವವರು ಹಿಂದಿ, ತೆಲುಗು. ಅಮ್ಮನಿಗೆ ಎರಡೂ ಬರುವುದಿಲ್ಲ. ತರಕಾರಿಯವನ ಹತ್ತಿರ ಬೇಕೆಂದೇ ಚೌಕಾಸಿ ಮಾಡುತ್ತಿದ್ದರಂತೆ, ಅಷ್ಟು ಹೊತ್ತು ಮಾತಾಡಬಹುದಲ್ಲ ಎಂದು. ಇದನ್ನು ಅವರು ನನಗೆ ಹೇಳಿದ್ದು ಹಾಸನಕ್ಕೆ ವಾಪಸ್ ಹೋದ ಮೇಲೆ. ನಾಲ್ಕೇ ತಿಂಗಳು ಇದ್ದರು.

ನೀವು ಆಫೀಸಿನಲ್ಲಿ ಒಂಬತ್ತು ಗಂಟೆ ಇರುತ್ತೀರಿ. ಆ ಏರಿಯಾದಲ್ಲಿ ಇಡೀ ದಿನ ಇರುವವರು ನಿಮ್ಮ ತಾಯಿ. ಮನೆ ಅವರದು. ಅವರಿಗೆ ನೋಡಿ.

ನೀಲಾದ್ರಿ_ರಸ್ತೆ
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಏರಿಯಾವನ್ನೇ ತಪ್ಪು ಎನ್ನಬೇಡಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಬಳಗ ಇದೆ. ನವೆಂಬರ್‌ನಲ್ಲಿ ರಾಜ್ಯೋತ್ಸವ, ಬೇಸಿಗೆಯಲ್ಲಿ ಮಕ್ಕಳಿಗೆ ಕನ್ನಡ ಪಾಠ. ನಮ್ಮ ಅತ್ತೆ ಬಂದಾಗ ಯಾರೂ ಗೊತ್ತಿರಲಿಲ್ಲ. ಈಗ ಬೆಳಗಿನ ವಾಕಿಂಗಿಗೆ ಆರು ಜನ ಜೊತೆಗಿದ್ದಾರೆ. ಒಬ್ಬರು ತೆಲುಗಿನವರು, ಅವರಿಗೆ ಅತ್ತೆಯೇ ಕನ್ನಡ ಕಲಿಸಿದರು.

ಹಾಸನದ_ಮಗಳು
ಖುಷಿಯಾಯಿತು ಅಕ್ಕ. ಆದರೆ ಯಾವ ಅಪಾರ್ಟ್‌ಮೆಂಟಿನಲ್ಲಿ ಬಳಗ ಇದೆ, ಯಾವುದರಲ್ಲಿ ಇಲ್ಲ ಎಂದು ಹೊಸಬರಿಗೆ ಹೇಗೆ ಗೊತ್ತಾಗಬೇಕು?

ನೀಲಾದ್ರಿ_ರಸ್ತೆ
ಸಂಜೆ ಐದೂವರೆಗೆ ಹೋಗಿ ನೋಡಿ. ಹಿರಿಯರು ಕೆಳಗೆ ಕೂತಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಬ್ರೋಕರ್‌ಗಳು ಬೆಳಗ್ಗೆ 11ಕ್ಕೆ ಕರೆದುಕೊಂಡು ಹೋಗುತ್ತಾರೆ, ಆಗ ಎಲ್ಲ ಕಡೆ ಒಂದೇ ಥರ ಕಾಣುತ್ತದೆ.

ನಾಡಿ_ಮಿಡಿತ
ನಾನು ನರ್ಸ್. ಹೃದಯದ ತೊಂದರೆ ಇರುವವರಿದ್ದರೆ ಹಳದಿ ಮಾರ್ಗವೇ ಒಳ್ಳೆಯದು. ಒಂದು ತುದಿಯಲ್ಲಿ ಜಯದೇವ ಆಸ್ಪತ್ರೆ, ಅದರ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ಇನ್ನೊಂದು ತುದಿಯಲ್ಲಿ ಬೊಮ್ಮಸಂದ್ರದ ನಾರಾಯಣ ಹೃದಯಾಲಯ. ಆದರೆ ತುರ್ತಿನಲ್ಲಿ ಯಾರೂ ಮೆಟ್ರೊ ಹತ್ತುವುದಿಲ್ಲ. ರಾತ್ರಿ ಹತ್ತು ಗಂಟೆಗೆ ಆಂಬುಲೆನ್ಸ್ ನಿಮ್ಮ ಗಲ್ಲಿಯೊಳಗೆ ಬರುತ್ತದೆಯೇ, ಎರಡೂ ಕಡೆ ಕಾರು ನಿಲ್ಲಿಸಿದಾಗ ಜಾಗ ಉಳಿಯುತ್ತದೆಯೇ, ಇದನ್ನು ಕಣ್ಣಿನಿಂದ ನೋಡಿ. ಮಂಡಿನೋವು ಇದ್ದರೆ ಲಿಫ್ಟ್ ಇಲ್ಲದ ಎರಡನೇ ಮಹಡಿ ಬೇಡವೇ ಬೇಡ.

ಭೋಗ್ಯದ_ಮನೆ
ಬಾಡಿಗೆ ಯಾಕೆ ಕೊಡುತ್ತೀರಿ? ಊರಲ್ಲಿ ಸ್ವಲ್ಪ ದುಡ್ಡಿದ್ದರೆ ಭೋಗ್ಯಕ್ಕೆ ಹಾಕಿಕೊಳ್ಳಿ. ತಿಂಗಳು ತಿಂಗಳು ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ದುಡ್ಡು ವಾಪಸ್.

ಕೋರ್ಟ್_ಮೆಟ್ಟಿಲು
ಪೂರ್ತಿ ವಾಪಸ್ ಬರುತ್ತದೆ ಎಂದು ಅಷ್ಟು ಖಚಿತವಾಗಿ ಹೇಳಬೇಡಿ. ನಾವು 18 ಲಕ್ಷಕ್ಕೆ ಭೋಗ್ಯ ಹಾಕಿಕೊಂಡೆವು. ಮನೆ ಮೇಲೆ ಬ್ಯಾಂಕ್ ಸಾಲ ಇದ್ದದ್ದು ನಮಗೆ ಗೊತ್ತಿರಲಿಲ್ಲ. ಮಾಲೀಕರು ಕಂತು ಕಟ್ಟಲಿಲ್ಲ, ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸಿದರು. ಮೂರು ವರ್ಷದಿಂದ ಓಡಾಡುತ್ತಿದ್ದೇವೆ. ಭೋಗ್ಯವೇ ಬೇಕು ಎಂದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಆಸ್ತಿ ಮೇಲಿನ ಋಣದ ದಾಖಲೆ) ತೆಗೆಸಿ, ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ನಾವು ಎರಡನ್ನೂ ಮಾಡಲಿಲ್ಲ.

ಭೋಗ್ಯದ_ಮನೆ
ಕ್ಷಮಿಸಿ, ನಿಮಗೆ ಹೀಗಾಗಿದೆ ಎಂದು ಗೊತ್ತಿರಲಿಲ್ಲ. ನಮ್ಮ ಮಾಲೀಕರು 20 ವರ್ಷದ ಪರಿಚಯದವರು, ಹಾಗಾಗಿ ನಮಗೆ ತೊಂದರೆ ಆಗಲಿಲ್ಲ. ಹೊಸಬರಿಗೆ ಬಾಡಿಗೆಯೇ ಸರಿ.

ಹನ್ನೊಂದು_ತಿಂಗಳು
ಬಾಡಿಗೆ ಕರಾರು 11 ತಿಂಗಳಿಗೇ ಮಾಡುತ್ತಾರೆ, ಗಾಬರಿ ಬೇಡ. ವರ್ಷ ಮೀರಿದರೆ ನೋಂದಣಿ ಕಡ್ಡಾಯ, ಅದಕ್ಕೆ. ಅಡ್ವಾನ್ಸ್ ಮಾತ್ರ ಚೌಕಾಸಿ ಮಾಡಿ. ಹಳೇ ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವವರು ಇನ್ನೂ ಇದ್ದಾರೆ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಎಂದು ಕರಾರಿನಲ್ಲೇ ಬರೆಸಿ. ನನ್ನ ಹಿಂದಿನ ಮನೆಯಲ್ಲಿ ಒಂದು ತಿಂಗಳು ಎಂದು ಬಾಯಲ್ಲಿ ಹೇಳಿ, ಬಿಡುವಾಗ ಎರಡು ತಿಂಗಳದ್ದು ಹಿಡಿದರು. ಮನೆಯೊಳಗೆ ಬಂದ ದಿನವೇ ಗೋಡೆ, ನಲ್ಲಿ, ಬಾಗಿಲು ಎಲ್ಲ ವಿಡಿಯೊ ಮಾಡಿ ಮಾಲೀಕರಿಗೆ ವಾಟ್ಸಾಪ್ ಕಳಿಸಿ.

ಗೃಹಜ್ಯೋತಿ
ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಗ್ಗೆ ಒಂದು ಮಾತು. ದಾವಣಗೆರೆಯೂ ಬೆಸ್ಕಾಂ ವ್ಯಾಪ್ತಿಯೇ. ಊರಿನ ಮನೆಯ ಆರ್.ಆರ್. ನಂಬರಿಗೆ (ಕರೆಂಟ್ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಜೋಡಿಸಿದ್ದರೆ ಅದನ್ನು ತೆಗೆಸಿ ಇಲ್ಲಿ ಮತ್ತೆ ಅರ್ಜಿ ಹಾಕಬೇಕು. ಬಾಡಿಗೆದಾರರಿಗೂ ಗೃಹಜ್ಯೋತಿ ಸಿಗುತ್ತದೆ.

ಚಾಕ್‌ಪೀಸ್
ಶಾಲೆ ಬಗ್ಗೆ ಯಾರೂ ಕೇಳಲಿಲ್ಲ. ಜಯನಗರ, ಬನಶಂಕರಿ ಕಡೆ ರಾಜ್ಯ ಪಠ್ಯಕ್ರಮದ ಹಳೆಯ ಶಾಲೆಗಳು ಜಾಸ್ತಿ. ನಿಮ್ಮ ಮನೆಯವರಿಗೆ ಟೀಚರ್ ಕೆಲಸ ಹುಡುಕುವುದಕ್ಕೂ ಆ ಕಡೆಯೇ ಅನುಕೂಲ. ಎಲೆಕ್ಟ್ರಾನಿಕ್ ಸಿಟಿ ಸುತ್ತ ಹೆಚ್ಚಾಗಿ ಹೊಸ ಸಿಬಿಎಸ್‌ಇ ಶಾಲೆಗಳು, ಶುಲ್ಕ ಜಾಸ್ತಿ. ಏಪ್ರಿಲ್ ಕೊನೆ ಎಂದರೆ ತಡವಾಗಿದೆ. ಮನೆ ಖಚಿತವಾಗುವ ಮೊದಲೇ ಶಾಲೆಗೆ ಫೋನ್ ಮಾಡಿ ಸೀಟು ಕೇಳಿ. ಟಿಸಿ ಜೊತೆ ಮಗಳ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ.

ತೋಗೂರು_ನಿವಾಸಿ
ತಾಯಿ ವಿಷಯ ಗೊತ್ತಾದ ಮೇಲೆ ನನ್ನ ಮಾತು ಬದಲಾಯಿಸುತ್ತೇನೆ. ಒಬ್ಬರೇ ಬರುವುದಾದರೆ, ಗಂಡ ಹೆಂಡತಿ ಮಾತ್ರ ಬರುವುದಾದರೆ ದೊಡ್ಡತೋಗೂರು ಸರಿ. ನಿಮಗೆ ಬೇಡ.

ಸಿಲ್ಕ್‌ಬೋರ್ಡ್_ಸಂತ್ರಸ್ತ
ನಾನು ಪೂರ್ತಿ ಬದಲಾಯಿಸುವುದಿಲ್ಲ. ಮಗಳಿಗೂ ಅಪ್ಪ ಬೇಕು. ಜಯನಗರದಲ್ಲಿ ಮನೆ ಮಾಡಿ, ಮೆಟ್ರೊ ನಿಲ್ದಾಣಕ್ಕೆ ಆಟೊದಲ್ಲಿ ಇಪ್ಪತ್ತು ನಿಮಿಷ ಎಂದರೆ ಏನು ಬಂತು? ನಡೆದು ಹತ್ತು ನಿಮಿಷದೊಳಗೆ ನಿಲ್ದಾಣ ಇರಬೇಕು. ಅದಕ್ಕಿಂತ ದೂರದ ಮನೆ ಎಷ್ಟು ಚೆನ್ನಾಗಿದ್ದರೂ ಬೇಡ. ಭಾನುವಾರ ಮನೆ ನೋಡಿ ಅಡ್ವಾನ್ಸ್ ಕೊಡಬೇಡಿ. ಸೋಮವಾರ ಬೆಳಗ್ಗೆ ಎಂಟಕ್ಕೆ ಆ ಬಾಗಿಲಿನಿಂದ ಹೊರಟು ಆಫೀಸ್ ಗೇಟ್‌ವರೆಗೆ ಹೋಗಿ ಗಡಿಯಾರ ನೋಡಿ. ಎಲೆಕ್ಟ್ರಾನಿಕ್ ಸಿಟಿ ನಿಲ್ದಾಣವೋ ಕೋನಪ್ಪನ ಅಗ್ರಹಾರವೋ, ಯಾವುದು ಹತ್ತಿರ ಎಂದು ಆಗಲೇ ತಿಳಿಯುತ್ತದೆ. ಇಳಿದ ಮೇಲೆ ನಡೆಯುವುದು ದೂರ ಎನ್ನಿಸಿದರೆ ಬಿಎಂಟಿಸಿ ಫೀಡರ್ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದೂ ನೋಡಿಕೊಳ್ಳಿ.

ರಾಗಿಗುಡ್ಡದಕ್ಕ
ಇದಕ್ಕೆ ನಾನು ಒಪ್ಪುತ್ತೇನೆ ಅಣ್ಣ. ಹಾಗಾದರೆ ರಾಗಿಗುಡ್ಡ ನಿಲ್ದಾಣದ ಸುತ್ತ ನೋಡಿ. ಜಯನಗರ 9ನೇ ಬ್ಲಾಕ್, ಮಾರೇನಹಳ್ಳಿ. ರೈಲು ಬದಲಾಯಿಸುವ ಹಾಗಿಲ್ಲ, ಒಂದೇ ರೈಲಿನಲ್ಲಿ ಎಲೆಕ್ಟ್ರಾನಿಕ್ ಸಿಟಿ. ಮುಂದಿನ ನಿಲ್ದಾಣವೇ ಜಯದೇವ. ತಾಯಿಗೆ ಆಂಜನೇಯನ ದೇವಸ್ಥಾನ ಇದೆ. ಮೆಟ್ಟಿಲಿವೆ, ಮಂಡಿಗೆ ಸ್ವಲ್ಪ ಕಷ್ಟ, ಆದರೆ ಕೆಳಗೇ ಕೂರಬಹುದು. ಹೊಸ ಫ್ಲಾಟ್ ನಿಮ್ಮ ಬಜೆಟ್‌ಗೆ ಸಿಗುವುದಿಲ್ಲ. ಹಳೆಯ ಮನೆ ಸಿಗುತ್ತದೆ. ಆನ್‌ಲೈನ್‌ನಲ್ಲಿ ಬರುವುದಿಲ್ಲ, ಗೇಟಿಗೆ ಟು ಲೆಟ್ ಬೋರ್ಡ್ ಹಾಕಿರುತ್ತಾರೆ. ನಡೆದು ಹುಡುಕಬೇಕು.

ಬೆಣ್ಣೆ_ಖಾಲಿ
ಹಳೆಯ ಮನೆ ಮಾಲೀಕರು ಸಸ್ಯಾಹಾರಿಗಳಿಗೆ ಮಾತ್ರ ಎನ್ನುತ್ತಾರೆ. ಅದನ್ನು ಮೊದಲೇ ಕೇಳಿಬಿಡಿ.

ರಾಗಿಗುಡ್ಡದಕ್ಕ
ಎಲ್ಲರೂ ಹಾಗಲ್ಲ. ಆದರೆ ಕೆಲವರು ಹೌದು. ಬೇಜಾರಿನ ವಿಷಯ.

ಕುಂದವಾಡ_ಕೆರೆ
ಹೋಗಿ ಬಂದೆ. ಶನಿವಾರ ಬೆಳಗ್ಗೆ ವಂದೇ ಭಾರತ್ ಸಿಗಲಿಲ್ಲ, ರಾತ್ರಿ ಬಸ್ಸಿಗೇ ತಾಯಿಯನ್ನೂ ಕರೆದುಕೊಂಡು ಬಂದೆ. ಚಿಕ್ಕಪ್ಪನ ಮನೆಯಲ್ಲಿ ಉಳಿದೆವು.

ಭಾನುವಾರ ಹೊಸ ರೋಡ್ ಮೆಟ್ರೊ ನಿಲ್ದಾಣದ ಹತ್ತಿರ ಎರಡು, ಕೋಣನಕುಂಟೆಯಲ್ಲಿ ಎರಡು, ಮಾರೇನಹಳ್ಳಿಯಲ್ಲಿ ಮೂರು ಮನೆ ನೋಡಿದೆ. ಹೊಸ ರೋಡಿನ ಮನೆ ಒಳಗಡೆ ಎಲ್ಲಕ್ಕಿಂತ ಚೆನ್ನಾಗಿತ್ತು. ಎದುರು ಮನೆಯವರನ್ನು ಕೇಳಿದೆ, ಹೋದ ತಿಂಗಳು ಒಂಬತ್ತು ಟ್ಯಾಂಕರ್ ಎಂದರು. ಕೋಣನಕುಂಟೆಯ ಒಂದು ಮನೆ ನನಗೆ ತುಂಬಾ ಹಿಡಿಸಿತು, ಆದರೆ ಲಿಫ್ಟ್ ಇಲ್ಲದ ಮೂರನೇ ಮಹಡಿ.

ಮಾರೇನಹಳ್ಳಿಯಲ್ಲಿ ಒಂದು ನೆಲಮಹಡಿ ಮನೆ ಇದೆ. ಹಳೆಯದು, ಅಡುಗೆಮನೆ ಚಿಕ್ಕದು, ಹಿಂದಿನ ರೂಮಿಗೆ ಬೆಳಕು ಕಡಿಮೆ. 27 ಸಾವಿರ. ಎರಡೂವರೆ ಲಕ್ಷ ಅಡ್ವಾನ್ಸ್ ಕೇಳಿದರು, ಒಂದೂವರೆಗೆ ಒಪ್ಪಿದರು. ನಾನು ಮಾಲೀಕರ ಹತ್ತಿರ ಮಾತಾಡುತ್ತಿದ್ದಾಗ ತಾಯಿ ಹೊರಗೆ ಕಟ್ಟೆ ಮೇಲೆ ಕೂತಿದ್ದರು. ಪಕ್ಕದ ಮನೆಯವರು ರಾಣೆಬೆನ್ನೂರಿನವರಂತೆ. ಮಾಲೀಕರ ಮಾತು ಮುಗಿದರೂ ಅವರಿಬ್ಬರ ಮಾತು ಮುಗಿದಿರಲಿಲ್ಲ. ಸೋಮವಾರ ಅಲ್ಲಿಂದ ಆಫೀಸ್ ಗೇಟಿಗೆ ಹೋಗಿ ನೋಡಿದೆ, 48 ನಿಮಿಷ. ಬಾಡಿಗೆ ಎರಡು ಸಾವಿರ ಜಾಸ್ತಿ ಆಗುತ್ತದೆ. ಹೆಂಡತಿ ಸರಿ ಎಂದಿದ್ದಾಳೆ.

ಹಾಸನದ_ಮಗಳು
ಓದಿ ಸಮಾಧಾನವಾಯಿತು ಅಣ್ಣ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಹೆಬ್ಬಗೋಡಿ_ಹಳಬ
ಟೋಕನ್ ಕೊಡುವ ಮುಂಚೆ ಹೇಳಿ: ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ? ಸಂಪ್ ನಿಮಗೇ ಬೇರೆಯೋ, ಮೇಲಿನ ಮನೆಯವರಿಗೂ ಸೇರಿಯೋ? ನೆಲಮಹಡಿ ಎಂದರೆ ಮಳೆ ನೀರು ಒಳಗೆ ಬಂದಿತ್ತೇ ಎಂದೂ ಕೇಳಿ. 2025ರ ಮೇ ಮಳೆಯಲ್ಲಿ ಬಿಟಿಎಂ ಕಡೆ ನೆಲಮಹಡಿಯವರು ಕಷ್ಟಪಟ್ಟರು.

ಕುಂದವಾಡ_ಕೆರೆ
ನೀರು ದಿನ ಬಿಟ್ಟು ದಿನ. ಸಂಪ್ ಮತ್ತು ಮಳೆ ವಿಷಯ ಕೇಳಲಿಲ್ಲ. ಮಾಲೀಕರನ್ನಲ್ಲ, ರಾಣೆಬೆನ್ನೂರಿನವರನ್ನೇ ಕೇಳುತ್ತೇನೆ. ತಾಯಿ ಆಗಲೇ ಅವರ ನಂಬರ್ ತೆಗೆದುಕೊಂಡಿದ್ದಾರೆ.